ಬೈಬಲಿಗೆ ನಿಷ್ಠವಾದ ಸಭೆಯನ್ನು ಆರಿಸುವುದು ಹೇಗೆ?

"ಯಾವ ಸಭೆಗೆ (ಚರ್ಚಿಗೆ) ಹೋಗಲಿ?" ಎಂದು ಕೇಳುವವರಲ್ಲಿ ಎಲ್ಲ ಬಗೆಯವರೂ ಇರುತ್ತಾರೆ. ಹುಟ್ಟಿದ ಸಭೆಯಲ್ಲೇ ಬೆಳೆದು, ಬೈಬಲನ್ನು ತಾವೇ ಕೂತು ಓದತೊಡಗಿದ ಮೇಲೆ ಪ್ರಸಂಗದಲ್ಲಿ ಕೇಳುವುದಕ್ಕೂ ಪುಟದಲ್ಲಿರುವುದಕ್ಕೂ ತಾಳೆಯಾಗದೆ ತಬ್ಬಿಬ್ಬಾದವರು ಕೆಲವರು. ಊರು ಬದಲಿಸಿ, ಒಂದೇ ರಸ್ತೆಯಲ್ಲಿ ನಾಲ್ಕು ಸಭೆಗಳ ಫಲಕ ಕಂಡು ನಿಂತವರು ಕೆಲವರು. ಹೊಸದಾಗಿ ನಂಬಿಕೆಗೆ ಬಂದು, ಗೆಳೆಯರೆಲ್ಲ ಒಂದೊಂದು ಕಡೆ ಕೈಹಿಡಿದು ಎಳೆಯುತ್ತಿರುವಾಗ ಏನು ಮಾಡುವುದೆಂದು ತೋಚದವರೂ ಉಂಟು. ಇವರೆಲ್ಲರಿಗೂ ಸಿಗುವ ಬುದ್ಧಿಮಾತು ಒಂದೇ: "ಬೈಬಲ್ ಪ್ರಕಾರ ನಡೆಯುವ ಸಭೆಗೆ ಹೋಗಿ." ಕೇಳಲು ಚೆನ್ನ, ಆದರೆ ಉಪಯೋಗಕ್ಕೆ ಬಾರದು. ನಾವು ಬೈಬಲ್ ಪ್ರಕಾರ ನಡೆಯುವುದಿಲ್ಲ ಎಂದು ಹೇಳಿಕೊಳ್ಳುವ ಸಭೆ ಎಲ್ಲಿದೆ?

ಈ ತೊಡಕು ಇಂದಿನದಲ್ಲ. ನಾಲ್ಕನೆಯ ಶತಮಾನದಲ್ಲಿ, ಮಗನಾದ ಕ್ರಿಸ್ತನು ಸೃಷ್ಟಿಸಲ್ಪಟ್ಟವನು ಎಂದು ವಾದಿಸಿದ ಅರಿಯಸನ ಕಡೆಯವರು ಬೈಬಲನ್ನು ಬಿಟ್ಟು ಮಾತಾಡಲಿಲ್ಲ. ಯೆಹೋವನು ಎಲ್ಲಕ್ಕೂ ಮೊದಲು ತನ್ನನ್ನು ಉಂಟುಮಾಡಿದನು ಎಂದು ಜ್ಞಾನವೇ ಹೇಳಿಕೊಳ್ಳುವ ಜ್ಞಾನೋಕ್ತಿಗಳು 8:22ನ್ನೇ ಮುಂದಿಟ್ಟರು. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಜರ್ಮನಿಯ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರುಬದುರು ಕುಳಿತರು. ಇಬ್ಬರೂ ಬೈಬಲ್ ಒಂದೇ ಪ್ರಮಾಣ ಎಂದವರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಮ್ಮತ ಬಂತು. ಉಳಿದ ಒಂದು, ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಕ್ರಿಸ್ತನು ಹೇಗೆ ಇರುತ್ತಾನೆ ಎಂಬುದು. "ಇದು ನನ್ನ ದೇಹ" ಎಂಬ ಮಾತನ್ನು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು ಅದರಿಂದ ಕದಲಲಿಲ್ಲ. ಬದುಕಿಸುವುದು ಆತ್ಮವೇ, ಮಾಂಸದಿಂದ ಪ್ರಯೋಜನವಿಲ್ಲ ಎಂಬ ಯೋಹಾನ 6:63ನ್ನು ಜ್ವಿಂಗ್ಲಿ ಹಿಡಿದುಕೊಂಡ. ಇಬ್ಬರೂ ಬೇರೆಯಾದರು, ಇಂದಿಗೂ ಆ ಎರಡು ಪರಂಪರೆಗಳು ಬೇರೆಬೇರೆಯೇ.

ಆದ್ದರಿಂದ ಯಾವ ಸಭೆ ಬೈಬಲನ್ನು ಹೆಚ್ಚು ಎತ್ತಿ ಹಿಡಿಯುತ್ತದೆ ಎಂದು ನೋಡುತ್ತ ಕೂತರೆ ಆಯ್ಕೆ ಮುಗಿಯುವುದಿಲ್ಲ. ನಾನು ನೋಡುವುದು ಬೇರೆ: ಬೈಬಲಿನ ಮಾತು ಆ ಸಭೆಯ ಅಭ್ಯಾಸಕ್ಕೋ ಹಿರಿಯರಿಗೋ ಪಾಸ್ಟರಿಗೋ ಇರಿಸುಮುರಿಸು ತಂದಾಗ ಯಾರು ಬಗ್ಗುತ್ತಾರೆ? ವಾಕ್ಯವೋ, ಸಭೆಯೋ? ಕೆಳಗಿನ ಅಳತೆಗೋಲುಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಅಳತೆಗೋಲುಗಳು

ಒಂದು ಬೇಲಿಯಿಂದ ಶುರುಮಾಡೋಣ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರು, ಕ್ರಿಸ್ತನ ದೈವತ್ವ ಮತ್ತು ಮಾನವತ್ವ, ಶಿಲುಬೆಯ ಮರಣ, ಪುನರುತ್ಥಾನ: ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ರೂಪುಗೊಂಡು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೆಳೆದ ವಿಶ್ವಾಸಪ್ರಮಾಣದ (ನಂಬಿಕೆಯ ಸಾರವನ್ನು ಹೇಳುವ ಲಿಖಿತ ಹೇಳಿಕೆಯ) ತಿರುಳು ಇದು. ಕಥೋಲಿಕರು, ಆರ್ಥೊಡಾಕ್ಸರು, ಪ್ರೊಟೆಸ್ಟೆಂಟರು ಮೂವರೂ ಒಪ್ಪುವ ನೆಲ. ಯೆಹೋವನ ಸಾಕ್ಷಿಗಳು ಬೈಬಲನ್ನು ಶ್ರದ್ಧೆಯಿಂದ ಓದುತ್ತಾರೆ, ಆದರೆ ತ್ರಿಯೇಕತ್ವವನ್ನು ಒಪ್ಪುವುದಿಲ್ಲ. ಮಾರ್ಮನ್ನರು ಬೈಬಲಿನ ಜೊತೆಗೆ ಬೇರೆ ಧರ್ಮಗ್ರಂಥಗಳನ್ನೂ ಹೊಂದಿದ್ದಾರೆ. ಅವರ ಸಜ್ಜನಿಕೆಯ ಬಗ್ಗೆ ನನ್ನ ತಕರಾರಿಲ್ಲ; ಈ ಹೋಲಿಕೆಯೊಳಗೆ ಮಾತ್ರ ಅವರು ಬರುವುದಿಲ್ಲ.

ಬೇಲಿಯೊಳಗೆ ಮೊದಲ ಅಳತೆ ಸರಳ: ಆರಾಧನೆಯಲ್ಲಿ ಬೈಬಲನ್ನು ಎಷ್ಟು ಓದುತ್ತಾರೆ? ಪ್ರಸಂಗವಲ್ಲ, ಬರಿಯ ಓದು. ಎಜ್ರನ ಕಾಲದಲ್ಲಿ ಧರ್ಮಶಾಸ್ತ್ರವನ್ನು ಜನರ ಮುಂದೆ ಸ್ಪಷ್ಟವಾಗಿ ಓದಿ, ಅರ್ಥ ಹೇಳಿ, ತಿಳಿಯುವಂತೆ ಮಾಡಿದರೆಂದು ನೆಹೆಮೀಯ 8:8 ಹೇಳುತ್ತದೆ. ಸಭೆಯ ಮುಂದೆ ಓದುವುದರಲ್ಲಿ ಆಸಕ್ತನಾಗಿರು ಎಂದು ಪೌಲನು ತಿಮೊಥೆಯನಿಗೆ ಬರೆಯುತ್ತಾನೆ. ಕೈಗಡಿಯಾರ ಕಟ್ಟಿಕೊಂಡು ಹೋಗಿ ನೋಡಿ. ಫಲಕದಲ್ಲಿ "ಬೈಬಲ್" ಎಂದು ಬರೆದುಕೊಂಡ ಸಭೆಯೊಂದರಲ್ಲಿ ಎರಡು ಗಂಟೆಯ ಆರಾಧನೆಯಲ್ಲಿ ಎರಡೇ ವಚನ ಓದಿದ್ದೂ ಉಂಟು. ಬೈಬಲ್ ಓದುವುದಿಲ್ಲ ಎಂದು ಬೈಸಿಕೊಳ್ಳುವ ಕಥೋಲಿಕರ ಭಾನುವಾರದ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಹಳೆಯ ಒಡಂಬಡಿಕೆಯ ಒಂದು ಭಾಗ, ಒಂದು ಕೀರ್ತನೆ, ಒಂದು ಪತ್ರಿಕೆಯ ಭಾಗ, ಒಂದು ಸುವಾರ್ತಾಭಾಗ, ಹೀಗೆ ನಾಲ್ಕು ಓದುಗಳಿರುತ್ತವೆ.

ಎರಡನೆಯದು, ಓದಿದ್ದನ್ನು ಹೇಗೆ ವಿವರಿಸುತ್ತಾರೆ ಎಂಬುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಯೆರೆಮೀಯ 29:11ನ್ನು ತೆಗೆದುಕೊಳ್ಳಿ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು. ನಿಮಗೆ ಒಳ್ಳೆಯ ಭವಿಷ್ಯವನ್ನು ಕೊಡುವೆನು ಎಂಬ ಭಾವದ ವಚನ. ಕ್ಯಾಲೆಂಡರುಗಳಲ್ಲಿ, ಗೋಡೆಗಳಲ್ಲಿ, ಹೊಸ ವರ್ಷದ ಪ್ರಸಂಗಗಳಲ್ಲಿ ತಪ್ಪದೆ ಕಾಣಿಸುತ್ತದೆ. ಇನ್ನೇನು ಕೆಲಸ ಸಿಗುತ್ತದೆ, ಸಾಲ ತೀರುತ್ತದೆ, ಈ ವರ್ಷ ನಿಮ್ಮದು ಎಂದು ಪ್ರಸಂಗಿ ಅದರಿಂದ ಹೊರಡಿಸುತ್ತಾನೆ. ಹಿಂದಿನ ವಚನವನ್ನು ಓದಿ: ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ. ಇದು ಸೆರೆಹೋದವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಅಲ್ಲೇ ಮಕ್ಕಳ ಮದುವೆ ಮಾಡಿ ಎಂದು ಅದೇ ಪತ್ರ ಹೇಳುತ್ತದೆ. ಕೇಳಿಸಿಕೊಂಡ ಹಿರಿಯರಲ್ಲಿ ಬಹುಪಾಲು ಜನ ಆ ಬಿಡುಗಡೆಯನ್ನು ಕಾಣದೆಯೇ ಸತ್ತಿರಬೇಕು. ಇನ್ನೊಂದು ಅಧ್ಯಾಯ ಹಿಂದಕ್ಕೆ ಹೋದರೆ ಹನನ್ಯನೆಂಬ ಪ್ರವಾದಿ ಸಿಗುತ್ತಾನೆ. ಎರಡೇ ವರ್ಷದೊಳಗೆ ಬಾಬೆಲಿನ ನೊಗ ಮುರಿಯುತ್ತದೆ ಎಂದು ಯೆಹೋವನ ಹೆಸರಿನಲ್ಲಿ ಸಾರಿದವನು. ಅವನು ಸುಳ್ಳನ್ನು ನಂಬಿಸಿದನೆಂದು ಯೆರೆಮೀಯನು ಮುಖಕ್ಕೇ ಹೇಳುತ್ತಾನೆ. ಅಂದರೆ 29:11ನ್ನು ಹಿಡಿದು ತಕ್ಷಣದ ಬಿಡುಗಡೆಯನ್ನು ಸಾರುವವನು ಯೆರೆಮೀಯನ ವಚನದಲ್ಲಿ ಹನನ್ಯನ ಪ್ರಸಂಗವನ್ನು ಮಾಡುತ್ತಿದ್ದಾನೆ!

ಇಂಥ ಕಡೆ ವಚನವು ಗೂಟದಂತೆ. ಪ್ರಸಂಗಿ ಮನೆಯಿಂದಲೇ ತಂದ ಅಂಗಿಯನ್ನು ಅದಕ್ಕೆ ನೇತುಹಾಕುತ್ತಾನೆ. ಫಿಲಿಪ್ಪಿಯವರಿಗೆ 4:13ರ ಗತಿಯೂ ಇದೇ. ಎಲ್ಲದಕ್ಕೂ ಶಕ್ತನು ಎಂಬುದನ್ನು ಗೆಲುವಿನ ಮಂತ್ರ ಮಾಡುವವರು, ಹಸಿದಿರಲೂ ಕೊರತೆಯಲ್ಲಿರಲೂ ಕಲಿತಿದ್ದೇನೆ ಎಂಬ 12ನೆಯ ವಚನವನ್ನು ಓದುವುದಿಲ್ಲ. ಆದ್ದರಿಂದ ಪ್ರಸಂಗ ಕೇಳಿ ಬಂದ ದಿನ ಆ ವಚನದ ಅಧ್ಯಾಯವನ್ನು ಮನೆಯಲ್ಲಿ ಪೂರ್ತಿ ಓದಿ. ಓದಿದ ಮೇಲೆ ಪ್ರಸಂಗ ಇನ್ನಷ್ಟು ಗಟ್ಟಿಯಾಗಿ ಕಂಡರೆ ಒಳ್ಳೆಯ ಗುರುತು. ತೆಳ್ಳಗಾಗಿ ಕಂಡರೆ ಇನ್ನೊಮ್ಮೆ ಹೋಗಿ ನೋಡಿ. ಯಾರಿಗೂ ಒಂದು ಕೆಟ್ಟ ಭಾನುವಾರ ಬರಬಹುದು.

ಮೂರನೆಯದು, ಯಾವುದನ್ನು ಓದುವುದೇ ಇಲ್ಲ ಎಂಬುದು. ದೇವರ ಸಂಕಲ್ಪವನ್ನೆಲ್ಲ ಏನೂ ಮರೆಮಾಡದೆ ತಿಳಿಸಿದ್ದೇನೆ ಎಂದು ಪೌಲನು ಎಫೆಸದ ಹಿರಿಯರಿಗೆ ಹೇಳಿದ (ಅಪೊಸ್ತಲರ ಕೃತ್ಯಗಳು 20:27). ನ್ಯಾಯತೀರ್ಪನ್ನು ಬಿಟ್ಟು ಪ್ರೀತಿಯನ್ನಷ್ಟೇ ಸಾರುವ ಸಭೆಗಳಿವೆ. ಲೈಂಗಿಕ ಪಾಪದ ಬಗ್ಗೆ ಗುಡುಗಿ, ಕೂಲಿಯವರ ಕೂಲಿಯನ್ನು ಹಿಡಿದಿಟ್ಟ ಧನಿಕರನ್ನು ಖಂಡಿಸುವ ಯಾಕೋಬ 5ನೆಯ ಅಧ್ಯಾಯವನ್ನು ಮುಟ್ಟದ ಸಭೆಗಳೂ ಇವೆ. ಪ್ರಲಾಪಗಳು, ಯೋಬ, ಆಮೋಸ ಇವುಗಳ ಮೇಲೆ ಇತ್ತೀಚೆಗೆ ಪ್ರಸಂಗವಾಗಿದೆಯೇ ಎಂದು ಹಳಬರನ್ನು ಕೇಳಿ. ಅವರು ಯೋಚಿಸುವ ಹೊತ್ತೇ ಉತ್ತರ ಹೇಳಿಬಿಡುತ್ತದೆ.

ನಾಲ್ಕನೆಯದು, ಬೋಧಿಸುವವನನ್ನು ತಿದ್ದುವವರು ಯಾರು? ಬೆರೋಯದವರು ಅಪೊಸ್ತಲನಾದ ಪೌಲನ ಮಾತನ್ನೇ ಶಾಸ್ತ್ರದೊಂದಿಗೆ ದಿನದಿನವೂ ಹೋಲಿಸಿ ನೋಡಿದರು. ಲೂಕನು ಅದಕ್ಕಾಗಿ ಅವರನ್ನು ಹೊಗಳುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರನನ್ನು ಪೌಲನು ಎದುರಿಗೇ ಆಕ್ಷೇಪಿಸಿದ. ಪೇತ್ರನನ್ನು ಕೇಳಬಹುದಾದರೆ ನಿಮ್ಮ ಪಾಸ್ಟರನ್ನು ಏಕೆ ಕೇಳಬಾರದು? "ಅಭಿಷಿಕ್ತನನ್ನು ಮುಟ್ಟಬೇಡಿ" ಎಂದು ಕೀರ್ತನೆ 105ನ್ನು ಪ್ರಶ್ನೆಗೆ ಅಡ್ಡ ಹಿಡಿಯುವ ಕಡೆ ಎಷ್ಟೇ ಒಳ್ಳೆಯ ಪ್ರಸಂಗವಿದ್ದರೂ ನಾನು ಮನೆಯವರನ್ನು ಕರೆದೊಯ್ಯುವುದಿಲ್ಲ.

ಇನ್ನು ಕೊನೆಯದು, ನಡೆ. ಹಣದ ಲೆಕ್ಕ ಸಭೆಗೆ ಕಾಣುತ್ತದೆಯೇ (ಪೌಲನು ಕಾಣಿಕೆಯ ಹಣ ಒಯ್ಯುವಾಗ ತನ್ನ ಜೊತೆಗೆ ಇತರರನ್ನು ಕರೆದುಕೊಂಡದ್ದು ಏಕೆಂದು 2 ಕೊರಿಂಥ 8ರಲ್ಲಿ ಓದಿ), ಮತ್ತಾಯ 18ರ ಕ್ರಮದಲ್ಲಿ (ಮೊದಲು ಒಬ್ಬೊಬ್ಬರಲ್ಲೇ, ಆಮೇಲೆ ಒಂದಿಬ್ಬರ ಜೊತೆ, ಕೊನೆಗೆ ಸಭೆಯ ಮುಂದೆ) ತಪ್ಪನ್ನು ತಿದ್ದುತ್ತಾರೆಯೇ, ವಿಧವೆಯರಿಗೂ ಅನಾಥರಿಗೂ ಅಲ್ಲಿ ಸ್ಥಳವಿದೆಯೇ. ಇದನ್ನು ವಿಸ್ತರಿಸಬೇಕಿಲ್ಲ, ಕಣ್ಣಿಗೆ ಕಾಣುವ ಸಂಗತಿ.

ಕಥೋಲಿಕ ಮತ್ತು ಆರ್ಥೊಡಾಕ್ಸ್

ಇಲ್ಲಿ ಮೂಲಪ್ರಶ್ನೆಯೇ ಬೇರೆಯಾಗುತ್ತದೆ. ಬೈಬಲ್ ಮತ್ತು ಪವಿತ್ರ ಪರಂಪರೆ ಎರಡೂ ಒಂದೇ ಬುಗ್ಗೆಯಿಂದ ಹರಿದವು, ಅವನ್ನು ಅಧಿಕೃತವಾಗಿ ವಿವರಿಸುವ ಹೊಣೆ ಧರ್ಮಸಭೆಯ ಬೋಧನಾಧಿಕಾರದ್ದು ಎನ್ನುವುದು ಕಥೋಲಿಕ ನಿಲುವು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇದನ್ನು ಹೇಳುವಾಗಲೇ, ಆ ಅಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ವಾಕ್ಯದ ಸೇವಕ ಎಂದೂ ಹೇಳಿತು. ಅವರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟರದರಲ್ಲಿ 66. ತೋಬಿತ, ಯೂದಿತ, ಮಕ್ಕಬಿಯರ ಪುಸ್ತಕಗಳು ಮೊದಲಾದವು ಆ ವ್ಯತ್ಯಾಸ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಅವರು 2 ಮಕ್ಕಬಿಯರು 12ನ್ನು ತೋರಿಸುತ್ತಾರೆ. ನಿಮ್ಮ ಬೈಬಲಿನಲ್ಲಿ ಆ ಪುಸ್ತಕವೇ ಇಲ್ಲದಿದ್ದರೆ ವಾದ ಅಲ್ಲಿಗೇ ನಿಲ್ಲುತ್ತದೆ.

ಯಾವ ಪುಸ್ತಕಗಳು ಬೈಬಲ್ ಎಂದು ತೀರ್ಮಾನಿಸಿದವರು ಯಾರು, ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತ ಬೋಧನೆಗಳನ್ನು ಹಿಡಿದುಕೊಳ್ಳಿ ಎಂಬ 2 ಥೆಸಲೋನಿಕ 2:15ಕ್ಕೆ ಏನು ಅರ್ಥ ಎಂದು ಕಾಡುವವರಿಗೆ ಕಥೋಲಿಕರ ಉತ್ತರ ಗಟ್ಟಿಯಾಗಿದೆ. ಪ್ರೊಟೆಸ್ಟೆಂಟರು ಅದನ್ನು ಲಘುವಾಗಿ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಇನ್ನೊಂದು ಕಡೆ, ಬೋಧನೆಯೊಂದಕ್ಕೆ ಬೈಬಲಿನಲ್ಲಿ ನೇರವಾದ ಆಧಾರ ಬೇಕೇಬೇಕು ಎನ್ನುವವರಿಗೆ, ಮರಿಯಳು ಆತ್ಮಶರೀರಗಳೊಂದಿಗೆ ಸ್ವರ್ಗಕ್ಕೆ ಸೇರಿಸಲ್ಪಟ್ಟಳು ಎಂದು 1950ರಲ್ಲಿ ಪೋಪರು ಘೋಷಿಸಿದ ಸಿದ್ಧಾಂತ ನುಂಗಲಾರದ ತುತ್ತು. ಈ ಎರಡರಲ್ಲಿ ಯಾವುದು ನಿಮ್ಮನ್ನು ರಾತ್ರಿ ಎಚ್ಚರವಿಡುತ್ತದೆ ಎಂಬುದರ ಮೇಲೆ ಆಯ್ಕೆ ನಿಂತಿದೆ. ಪ್ರಾಯೋಗಿಕವಾಗಿ ಹೇಳುವುದಾದರೆ ಭಾನುವಾರದ ವಾಚನಗಳಿಗೆ ಮೂರು ವರ್ಷದ ಚಕ್ರವಿದೆ. ಯಾಜಕರಿಗೆ ಇಷ್ಟವಾದ ಭಾಗವಷ್ಟನ್ನೇ ಓದಲು ಆಗದು. ಪ್ರಬೋಧನೆ ಚಿಕ್ಕದು, ಹಲವೆಡೆ ತೀರ ಚಿಕ್ಕದು. ಗಹನವಾದ ವಿವರಣೆ ಬೇಕಾದವರು ವಾರದ ಬೈಬಲ್ ಅಧ್ಯಯನ ಇರುವ ಧರ್ಮಕೇಂದ್ರವನ್ನು ಹುಡುಕಬೇಕು.

ಆರ್ಥೊಡಾಕ್ಸ್ ಸಭೆಗಳು ರೋಮಿನ ಪೋಪರ ಅಧಿಕಾರವನ್ನು ಒಪ್ಪುವುದಿಲ್ಲ. ಬೈಬಲನ್ನು ಸಭಾಪಿತೃಗಳ (ಆದಿಸಭೆಯ ಗುರುಗಳ) ಮತ್ತು ಪ್ರಾಚೀನ ಮಹಾಸಭೆಗಳ ಕಣ್ಣಿನಿಂದ ಓದುವುದೇ ನಿಷ್ಠೆ ಎಂಬ ನಂಬಿಕೆ ಅವರದು. ಆರಾಧನೆ ಬೈಬಲಿನ ಮಾತುಗಳಿಂದಲೇ ನೇಯ್ದದ್ದು, ಕೀರ್ತನೆಗಳಂತೂ ಹೆಜ್ಜೆಹೆಜ್ಜೆಗೆ. ಒಂದು ಸೋಜಿಗ: ಗ್ರೀಕ್, ರಷ್ಯನ್ ಮೊದಲಾದ ಬೈಜಾಂಟಿನ್ ಪರಂಪರೆಯ ಆರಾಧನೆಯ ವಾಚನಪಟ್ಟಿಯಲ್ಲಿ ಪ್ರಕಟನೆ ಪುಸ್ತಕಕ್ಕೆ ಜಾಗವಿಲ್ಲ, ಆದರೆ ಅದು ಅವರ ಬೈಬಲಿನಲ್ಲಿದೆ. ಅಂತ್ಯಕಾಲದ ಲೆಕ್ಕಾಚಾರ ಕೇಳಿಕೇಳಿ ಬೇಸತ್ತವರಿಗೆ ಇದು ಸಮಾಧಾನ ತರಲೂಬಹುದು.

ವಿಶ್ವಾಸಪ್ರಮಾಣ ಬರೆದಿಟ್ಟುಕೊಂಡವರು

ಲೂಥರನ್, ಆಂಗ್ಲಿಕನ್, ರಿಫಾರ್ಮ್ಡ್ ಅಥವಾ ಪ್ರೆಸ್ಬಿಟೇರಿಯನ್ ಸಭೆಗಳು ಬೈಬಲ್ ಪರಮಪ್ರಮಾಣ ಎನ್ನುತ್ತವೆ, ಆದರೆ ತಾವು ಅದನ್ನು ಹೇಗೆ ಅರ್ಥಮಾಡಿಕೊಂಡಿದ್ದೇವೆ ಎಂಬುದನ್ನು ಬರೆದಿಟ್ಟುಕೊಂಡಿವೆ. ಸುವಾರ್ತೆಯನ್ನು ಶುದ್ಧವಾಗಿ ಬೋಧಿಸಿ ದೀಕ್ಷಾಸ್ನಾನ, ಕರ್ತನ ಭೋಜನದಂಥ ಸಂಸ್ಕಾರಗಳನ್ನು ಸರಿಯಾಗಿ ನಡೆಸುವ ಕಡೆ ಸಭೆ ಇದೆ ಎಂದಿತು 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ. 1561ರ ಬೆಲ್ಜಿಕ್ ವಿಶ್ವಾಸಪ್ರಮಾಣ ಅದಕ್ಕೆ ಮೂರನೆಯದನ್ನು ಸೇರಿಸಿತು: ಶಿಸ್ತು. ರಕ್ಷಣೆಗೆ ಬೇಕಾದದ್ದೆಲ್ಲ ಬೈಬಲಿನಲ್ಲಿದೆ, ಅದರಲ್ಲಿ ಓದಲಾಗದ್ದನ್ನೂ ಅದರಿಂದ ರುಜುವಾಗದ್ದನ್ನೂ ನಂಬಲೇಬೇಕೆಂದು ಯಾರನ್ನೂ ಒತ್ತಾಯಿಸಬಾರದು ಎನ್ನುತ್ತದೆ ಆಂಗ್ಲಿಕನ್ನರ ಮೂವತ್ತೊಂಬತ್ತು ವಿಧಿಗಳಲ್ಲಿ ಆರನೆಯದು. ಇದಕ್ಕಿಂತ ಅಚ್ಚುಕಟ್ಟಾದ ಮಾತನ್ನು ನಾನು ಈ ವಿಷಯದಲ್ಲಿ ಓದಿಲ್ಲ.

ಬರೆದಿಟ್ಟುಕೊಳ್ಳುವುದರ ಲಾಭವೇನೆಂದರೆ, ಸೇರುವ ಮೊದಲೇ ನಿಮಗೆ ಎಲ್ಲ ತಿಳಿಯುತ್ತದೆ. ಪಾಸ್ಟರ್ ದಾರಿ ತಪ್ಪಿದರೆ ತೋರಿಸಲು ಕೈಯಲ್ಲಿ ಒಂದು ಕಾಗದವಿರುತ್ತದೆ, ಕೇಳಲು ಮೇಲೊಂದು ಸಭಾಮಂಡಲಿ ಇರುತ್ತದೆ. ನಷ್ಟವೆಂದರೆ ಆ ಕಾಗದವೇ ಕಾಲಾಂತರದಲ್ಲಿ ಎರಡನೆಯ ಬೈಬಲಾಗುವುದು, ಇಲ್ಲವೇ ಕಪಾಟಿನಲ್ಲಿ ಧೂಳು ತಿನ್ನುವುದು. ಎರಡನ್ನೂ ಕಾಣಬಹುದು. ಅದರಲ್ಲೂ ಇವತ್ತು ಹೆಸರನ್ನು ನೋಡಿ ಮೋಸಹೋಗಬೇಡಿ: ಲೂಥರನ್ ಎಂಬ ಒಂದೇ ಹೆಸರಿನ ಎರಡು ಸಭೆಗಳು ಮದುವೆ, ಸ್ತ್ರೀಯರಿಗೆ ಪಾದ್ರಿದೀಕ್ಷೆ, ಬೈಬಲಿನ ದೋಷರಹಿತತೆ ಇವುಗಳ ವಿಷಯದಲ್ಲಿ ಉತ್ತರ ದಕ್ಷಿಣವಾಗಿರಬಹುದು. ಆಂಗ್ಲಿಕನ್ನರಲ್ಲೂ ಪ್ರೆಸ್ಬಿಟೇರಿಯನ್ನರಲ್ಲೂ ಹಾಗೆಯೇ.

ಈ ಗುಂಪಿನಲ್ಲಿ ವಿವರಣೆಯ ಪ್ರಸಂಗಕ್ಕೆ ಹೆಸರಾದವರು ರಿಫಾರ್ಮ್ಡ್ ಕಡೆಯವರು. 1519ರ ಜನವರಿ 1ರಂದು ಜ್ವಿಂಗ್ಲಿ ಜ್ಯೂರಿಚ್‌ನಲ್ಲಿ ನಿಗದಿತ ವಾಚನಪಟ್ಟಿಯನ್ನು ಬದಿಗಿಟ್ಟು ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಸಾಲಾಗಿ ಪ್ರಸಂಗಿಸತೊಡಗಿದ; ಆ ಪದ್ಧತಿ ಅವರಲ್ಲಿ ಇಂದಿಗೂ ಇದೆ. ಒಂದು ಪುಸ್ತಕವನ್ನು ಹಿಡಿದರೆ ಮುಜುಗರದ ವಚನವೂ ತನ್ನ ಸರದಿಯಲ್ಲಿ ಬಂದೇ ಬರುತ್ತದೆ, ಹಾರಿಸಲಾಗದು. ಆದರೆ ಕೆಲವೆಡೆ ಎಲ್ಲವೂ ತಲೆಯಲ್ಲೇ ನಿಲ್ಲುತ್ತದೆ. ರೋಮಾಪುರದ ಪತ್ರಿಕೆಯನ್ನು ವರ್ಷಗಟ್ಟಲೆ ಕೇಳಿದವರಿಗೆ ಪಕ್ಕದಲ್ಲಿ ಕೂತವರ ಹೆಸರು ಗೊತ್ತಿರುವುದಿಲ್ಲ. ಪರಲೋಕದ ಕೆಳಗಿರುವ ಅತ್ಯಂತ ಶುದ್ಧವಾದ ಸಭೆಗಳಲ್ಲೂ ಬೆರಕೆಯೂ ತಪ್ಪೂ ಇರುತ್ತದೆ ಎಂದು ಅವರದೇ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಒಪ್ಪಿಕೊಳ್ಳುತ್ತದೆ. ತಾವೇ ಶುದ್ಧರೆಂದು ಬೀಗುವ ಸಭೆಯಲ್ಲಿ ಈ ಸಾಲನ್ನು ನೆನಪಿಸಿ, ಮುಖ ನೋಡಿ.

ಮೆಥಡಿಸ್ಟರು ಜಾನ್ ವೆಸ್ಲಿಯ ದಾರಿಯಲ್ಲಿ ನಂಬಿಕೆ ಬದುಕಿನಲ್ಲಿ ಕಾಣಬೇಕು ಎಂಬುದಕ್ಕೆ ಒತ್ತು ಕೊಟ್ಟವರು. ಸಣ್ಣ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವ ಅವರ ಹಳೆಯ ಪದ್ಧತಿ ಉಳಿದಿರುವ ಕಡೆ ಖಂಡಿತ ಹೋಗಿ ನೋಡಬೇಕು.

ಬ್ಯಾಪ್ಟಿಸ್ಟ್ ಮತ್ತು ಬ್ರೆದ್ರನ್

ನಂಬಿದ ಮೇಲೆಯೇ ದೀಕ್ಷಾಸ್ನಾನ, ಅದೂ ಮುಳುಗಿಸಿ: ಬ್ಯಾಪ್ಟಿಸ್ಟರ ಗುರುತು ಇದು. ಹೊಸ ಒಡಂಬಡಿಕೆಯಲ್ಲಿ ಶಿಶುವಿಗೆ ದೀಕ್ಷಾಸ್ನಾನ ಕೊಟ್ಟ ಸ್ಪಷ್ಟ ಉದಾಹರಣೆ ತೋರಿಸಿ ಎಂದು ಅವರು ಕೇಳುತ್ತಾರೆ. ಸೆರೆಯ ಅಧಿಕಾರಿ ಮನೆಯವರೆಲ್ಲರೊಂದಿಗೆ ದೀಕ್ಷಾಸ್ನಾನ ಪಡೆದ ಅಪೊಸ್ತಲರ ಕೃತ್ಯಗಳು 16:33ನ್ನೂ, ಹಳೆಯ ಒಡಂಬಡಿಕೆಯಲ್ಲಿ ಗಂಡುಶಿಶುವಿಗೆ ಮಾಡುತ್ತಿದ್ದ ಎಂಟನೆಯ ದಿನದ ಸುನ್ನತಿಯನ್ನೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಪಕ್ಷ ತೋರಿಸುತ್ತದೆ. ಎರಡೂ ಕಡೆ ಬೈಬಲನ್ನು ಪ್ರೀತಿಸುವ ಪಂಡಿತರಿದ್ದಾರೆ. ಪ್ರತಿ ಬ್ಯಾಪ್ಟಿಸ್ಟ್ ಸಭೆಯೂ ಸ್ವತಂತ್ರ, ಸದಸ್ಯರೇ ತೀರ್ಮಾನಿಸುವವರು. ಆದ್ದರಿಂದ ಒಳ್ಳೆಯದು ಬಹಳ ಒಳ್ಳೆಯದಾಗಿರುತ್ತದೆ. ಕೆಟ್ಟದ್ದನ್ನು ಹೊರಗಿನಿಂದ ತಿದ್ದುವವರು ಮಾತ್ರ ಇರುವುದಿಲ್ಲ. ಸಭೆಗೆ ಲಿಖಿತ ವಿಶ್ವಾಸಪ್ರಮಾಣವಿದೆಯೇ, ಹಿರಿಯರು ಒಬ್ಬರೋ ಹಲವರೋ ಎಂದು ಕೇಳಿ ತಿಳಿಯಿರಿ.

ಬ್ರೆದ್ರನ್ ಸಭೆಗಳು ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಡಬ್ಲಿನ್, ಪ್ಲಿಮತ್ ಕಡೆ ಹುಟ್ಟಿದವು. ವಾರವಾರವೂ ರೊಟ್ಟಿ ಮುರಿಯುತ್ತಾರೆ (ಅಂದರೆ ಕರ್ತನ ಭೋಜನ), ದೀಕ್ಷೆ ಪಡೆದ ಪಾದ್ರಿಗಳಿಲ್ಲ, 1 ಕೊರಿಂಥ 14:26ರಂತೆ ಸಹೋದರರು ಎದ್ದು ಪ್ರಾರ್ಥಿಸುತ್ತಾರೆ, ವಾಕ್ಯ ಹಂಚಿಕೊಳ್ಳುತ್ತಾರೆ. ಬೈಬಲ್ ಜ್ಞಾನವನ್ನೇ ಅಳೆಯುವುದಾದರೆ, ಇವರ ಸಾಮಾನ್ಯ ಸದಸ್ಯನ ಮುಂದೆ ಬೇರೆ ಕಡೆಯ ಪಾಸ್ಟರುಗಳು ನಾಚಬೇಕಾದ ಸಂದರ್ಭಗಳುಂಟು. ಸ್ತ್ರೀಯರು ತಲೆಗೆ ಮುಸುಕು ಹಾಕಿಕೊಳ್ಳುವುದು, ಸಭೆಯಲ್ಲಿ ಮೌನವಾಗಿರುವುದು ಹಲವೆಡೆ ಕಡ್ಡಾಯ. ನಿಮ್ಮ ಮನೆಯ ಹೆಣ್ಣುಮಕ್ಕಳ ಅಭಿಪ್ರಾಯ ಕೇಳದೆ ತೀರ್ಮಾನಿಸಬೇಡಿ. ಅಪಾಯವಿರುವುದು ಇನ್ನೊಂದು ಕಡೆ. ನಮಗೆ ಯಾವ ಸಂಪ್ರದಾಯವೂ ಇಲ್ಲ, ಬೈಬಲ್ ಮಾತ್ರ ಎನ್ನುವವರಿಗೆ ತಮ್ಮ ಸಂಪ್ರದಾಯ ಕಣ್ಣಿಗೆ ಬೀಳುವುದೇ ಇಲ್ಲ. ಬರೆದಿಡದ ನಿಯಮವನ್ನು ತಿದ್ದುವುದು ಬರೆದಿಟ್ಟದ್ದನ್ನು ತಿದ್ದುವುದಕ್ಕಿಂತ ಕಷ್ಟ. ಅನ್ಯೋನ್ಯತೆ ಯಾರೊಂದಿಗೆ ಎಂಬ ವಿಷಯದಲ್ಲಿ 1848ರಲ್ಲಿ ಅವರಲ್ಲಿ ಒಡಕು ಬಂದು, ತೆರೆದವರು, ಪ್ರತ್ಯೇಕರು ಎಂದು ಎರಡಾದರು. ನೀವು ಹೋಗುವುದು ಯಾವ ಬಗೆಯದೆಂದು ಮೊದಲೇ ತಿಳಿದುಕೊಳ್ಳಿ.

ಪೆಂತೆಕೋಸ್ತ್ ಮತ್ತು ಸ್ವತಂತ್ರ ಸಭೆಗಳು

1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೆಮೂರ್ ನಡೆಸಿದ ಕೂಟಗಳಿಂದ ಜಗತ್ತಿನೆಲ್ಲೆಡೆ ಹಬ್ಬಿದ ಚಳವಳಿ ಇದು. ಅಪೊಸ್ತಲರ ಕೃತ್ಯಗಳಲ್ಲಿ ಓದುವುದು ಇಂದೂ ನಡೆಯುತ್ತದೆ ಎಂಬುದು ಇವರ ನಂಬಿಕೆ. ವಾಕ್ಯವನ್ನು ಹಾಗೆಯೇ ನಂಬುವುದೂ ಒಂದು ನಿಷ್ಠೆಯೇ. ಅನ್ಯಭಾಷೆ (ಆತ್ಮಪ್ರೇರಣೆಯಿಂದ ತಾವು ಕಲಿಯದ ಭಾಷೆ) ಮಾತಾಡುವುದನ್ನು ತಡೆಯಬೇಡಿ ಎಂಬ 1 ಕೊರಿಂಥ 14:39ಕ್ಕೆ, ಪವಿತ್ರಾತ್ಮನ ಇಂಥ ವರಗಳು ನಿಂತುಹೋದವು ಎನ್ನುವ ಸಭೆಗಳು ಉತ್ತರ ಕೊಡಬೇಕು. ಅದೇ ಅಧ್ಯಾಯಕ್ಕೆ ಪೆಂತೆಕೋಸ್ತರೂ ಉತ್ತರ ಕೊಡಬೇಕು: ಅನ್ಯಭಾಷೆಯಲ್ಲಿ ಮಾತಾಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವನಿಲ್ಲದಿದ್ದರೆ ಮೌನ, ಪ್ರವಾದನೆಯನ್ನು ಉಳಿದವರು ವಿವೇಚಿಸಬೇಕು. ಇದನ್ನು ಪಾಲಿಸುವ ಸಭೆ ಸಿಕ್ಕರೆ, ಪ್ರಾರ್ಥನೆಯ ಬಿಸಿಯೂ ವಾಕ್ಯದ ಕ್ರಮವೂ ಒಂದೇ ಕಡೆ ದೊರೆತಂತೆ. ಒಂದು ಪ್ರವಾದನೆ ಸುಳ್ಳಾದಾಗ ಏನು ಮಾಡಿದಿರಿ ಎಂದು ಕೇಳಿ. ನೆರವೇರಿದ್ದನ್ನಷ್ಟೇ ಸಾಕ್ಷಿಯಾಗಿ ಹೇಳಿ, ನೆರವೇರದ್ದನ್ನು ಮರೆಯುವ ಕಡೆ ವಿವೇಚನೆ ನಡೆಯುತ್ತಿಲ್ಲ ಎಂದೇ ಅರ್ಥ.

ಇವರಲ್ಲೂ ಸ್ವತಂತ್ರ ಸಭೆಗಳಲ್ಲೂ ಸೇರಿಕೊಂಡಿರುವ ರೋಗ ಸಮೃದ್ಧಿಯ ಬೋಧನೆ. ದಶಮಾಂಶ ತನ್ನಿರಿ ಎಂಬ ಮಲಾಕಿಯ 3:10ನ್ನು ತಿಂಗಳಿಗೊಮ್ಮೆ ಓದಿ, ಕೊಟ್ಟಷ್ಟೂ ನೂರ್ಮಡಿ ಬರುತ್ತದೆಂದು ಬಡವರಿಂದ ಕೀಳುವವರನ್ನು ಬಿಟ್ಟು ಹೊರಬರಲು ಇನ್ನೊಂದು ಕಾರಣ ಹುಡುಕಬೇಕಾಗಿಲ್ಲ. ಎಲ್ಲ ಪೆಂತೆಕೋಸ್ತರನ್ನೂ ಇದಕ್ಕೆ ಸೇರಿಸುವುದು ಮಾತ್ರ ಅನ್ಯಾಯ. ಅವರಲ್ಲೇ ಇದನ್ನು ಕಟುವಾಗಿ ವಿರೋಧಿಸುವವರಿದ್ದಾರೆ.

ಒಬ್ಬನೇ ಸ್ಥಾಪಿಸಿ ಒಬ್ಬನೇ ನಡೆಸುವ ಸ್ವತಂತ್ರ ಸಭೆಯಲ್ಲಿ ನಾಲ್ಕನೆಯ ಅಳತೆಗೋಲೇ ಮುಖ್ಯ. ಹೆಂಡತಿ, ಭಾವಮೈದುನ, ಮಗ ಇವರೇ ಆಡಳಿತ ಮಂಡಳಿಯಾದರೆ ಬೋಧಕನನ್ನು ತಿದ್ದುವವರು ಯಾರೂ ಇಲ್ಲ ಎಂದಾಯಿತು. ಆನ್‌ಲೈನ್ ಆರಾಧನೆ ಹಾಸಿಗೆ ಹಿಡಿದವರಿಗೆ ವರ. ಉಳಿದವರಿಗೆ ಅದು ಪ್ರಸಂಗವನ್ನು ಕೊಡುತ್ತದೆ, ಸಭೆಯನ್ನು ಕೊಡುವುದಿಲ್ಲ. ಕರ್ತನ ಭೋಜನವೂ ಮತ್ತಾಯ 18ರ ತಿದ್ದುಪಡಿಯೂ ಪರದೆಯ ಮೇಲೆ ನಡೆಯವು.

ಯಾರಿಗೆ ಯಾವುದು?

ಹೊಸದಾಗಿ ನಂಬಿದವರಿಗೆ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಕಲಿಸುವ ಸಭೆ, ಹೆಸರು ಯಾವುದೇ ಇರಲಿ. ಭಾವೋದ್ರೇಕ ಆಮೇಲೆಯೂ ಸಿಗುತ್ತದೆ, ಅಡಿಪಾಯ ಆಮೇಲೆ ಹಾಕುವುದು ಕಷ್ಟ. ಒಬ್ಬ ನಾಯಕನಿಂದ ಗಾಯಗೊಂಡು ಬಂದವರಿಗೆ, ಪ್ರಸಂಗ ಸಾಧಾರಣವಾಗಿದ್ದರೂ ಸರಿ, ಹಲವು ಹಿರಿಯರೂ ಮೇಲೊಂದು ಮಂಡಲಿಯೂ ಇರುವ ಸಭೆಯನ್ನೇ ನಾನು ಹೇಳುತ್ತೇನೆ. ಇದಕ್ಕೆ ಬೈಬಲ್ ನಿಷ್ಠೆಯಲ್ಲಿ ರಾಜಿಯಾದಂತಾಗುತ್ತದೆಯೇ ಎಂದು ಕೇಳಿದರೆ, ಇಲ್ಲ; ಹಿರಿಯರ ಬಹುವಚನವೂ ಬೈಬಲಿನದೇ (ತೀತ 1:5).

ಚಿಕ್ಕ ಮಕ್ಕಳಿರುವವರು ಭಾನುವಾರ ಶಾಲೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ದಾವೀದ ಗೊಲ್ಯಾತರ ಕಥೆಯಿಂದ "ಧೈರ್ಯವಾಗಿರಿ" ಎಂಬ ನೀತಿಯನ್ನಷ್ಟೇ ತೆಗೆಯುತ್ತಾರೋ, ದೇವರ ಬಗ್ಗೆಯೂ ಏನಾದರೂ ಹೇಳುತ್ತಾರೋ ಎಂದು ನೋಡಿ. ಮಕ್ಕಳಿಗೆ ಕಲಿಸುವುದು ಆ ಸಭೆಯ ನಿಜವಾದ ದೇವತಾಶಾಸ್ತ್ರ, ಏಕೆಂದರೆ ಅಲ್ಲಿ ಯಾರೂ ಅಲಂಕಾರ ಮಾಡುವುದಿಲ್ಲ.

ದಂಪತಿಗಳಲ್ಲಿ ಒಬ್ಬರು ಕಥೋಲಿಕರು, ಇನ್ನೊಬ್ಬರು ಬ್ಯಾಪ್ಟಿಸ್ಟರು ಎಂಬಂಥ ಮನೆಗಳಲ್ಲಿ ದೀಕ್ಷಾಸ್ನಾನದ ಪ್ರಶ್ನೆಯನ್ನು ಮಗು ಹುಟ್ಟುವ ಮೊದಲೇ ಮಾತಾಡಿ ಮುಗಿಸಿ. ಅದೊಂದರಲ್ಲಿ ಮಧ್ಯದ ದಾರಿ ಇಲ್ಲ: ಮಗುವಿಗೆ ಅರ್ಧ ದೀಕ್ಷಾಸ್ನಾನ ಕೊಡಲಾಗದು. ಉಳಿದದ್ದಕ್ಕೆ ಕಾಲಾವಕಾಶವಿದೆ. ಕೃಪೆಯಿಂದ ನೀತಿವಂತರೆಂದು ಎಣಿಸಲ್ಪಡುವ ವಿಷಯದಲ್ಲಿ 1999ರಲ್ಲಿ ಕಥೋಲಿಕರೂ ಲೂಥರನ್ ವಿಶ್ವ ಒಕ್ಕೂಟದವರೂ ಜಂಟಿ ಘೋಷಣೆಗೆ ಸಹಿಹಾಕಿದರು. ಎಲ್ಲ ಭಿನ್ನತೆ ಕರಗಿತೆಂದಲ್ಲ, ಆದರೆ ನಿಮ್ಮ ಊಟದ ಮೇಜಿನ ಜಗಳಕ್ಕಿಂತ ಹಳೆಯ ಜಗಳಗಳೂ ಮಾತಿಗೆ ಬಗ್ಗಿವೆ.

ಹೋಗಿಬರುವಷ್ಟು ಹತ್ತಿರ ಒಂದೇ ಸಭೆ ಇದ್ದರೆ? ಬೇಲಿಯೊಳಗಿದ್ದರೆ ಹೋಗಿ, ಸೇರಿ, ಒಳಗಿನಿಂದ ಕೇಳಿ. ವಾರದ ಮಧ್ಯೆ ಕೆಲವರನ್ನು ಸೇರಿಸಿಕೊಂಡು ಒಂದು ಪುಸ್ತಕವನ್ನು ಓದಿ. ದೂರದ ಆದರ್ಶ ಸಭೆಗೆ ಎರಡು ತಿಂಗಳಿಗೊಮ್ಮೆ ಪ್ರಯಾಣ ಮಾಡುವವರು ಕೊನೆಗೆ ಯಾವ ಸಭೆಯವರೂ ಆಗಿ ಉಳಿಯುವುದಿಲ್ಲ. ಸರದಿ ಪಾಳಿಯಲ್ಲಿ ದುಡಿಯುವವರಿಗೂ ಇದೇ ಮಾತು: ಶನಿವಾರ ಸಂಜೆ ಅಥವಾ ಭಾನುವಾರ ಸಂಜೆ ಆರಾಧನೆ ಇರುವ ಸಭೆ, ಪ್ರಸಂಗದಲ್ಲಿ ಸ್ವಲ್ಪ ಹಿಂದಿದ್ದರೂ, ನೀವು ಹೋಗಲಾಗದ ಶ್ರೇಷ್ಠ ಸಭೆಗಿಂತ ಮೇಲು.

ಎರಡು ಸಭೆಗಳಲ್ಲಿ ಬಂದು ನಿಂತಿದ್ದರೆ, ಎರಡೂ ಕಡೆಯ ಪಾಸ್ಟರರನ್ನು ಅಥವಾ ಯಾಜಕರನ್ನು ಭೇಟಿಮಾಡಿ ಮೂರು ಪ್ರಶ್ನೆ ಕೇಳಿ. ನಿಮ್ಮ ಸಭೆಯ ಬೋಧನೆಗೆ ಒಗ್ಗದಂತೆ ಕಾಣುವ ವಚನ ಯಾವುದು, ಅದನ್ನು ಹೇಗೆ ಓದುತ್ತೀರಿ? ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ನೀತಿವಂತರಾಗುತ್ತಾರೆ ಎಂಬ ಯಾಕೋಬ 2:24, ನಂಬಿಕೆಯೊಂದೇ ಸಾಕೆಂದ ಲೂಥರನಿಗೇ ತಲೆನೋವಾಗಿತ್ತು, ಆದ್ದರಿಂದ "ಅಂಥದ್ದೊಂದೂ ಇಲ್ಲ" ಎನ್ನುವವರನ್ನು ನಂಬಬೇಡಿ. ಬೈಬಲ್ ಓದಿ ನೀವು ಕೊನೆಯ ಬಾರಿ ಮನಸ್ಸು ಬದಲಿಸಿದ್ದು ಯಾವ ವಿಷಯದಲ್ಲಿ? ನೀವು ತಪ್ಪು ಬೋಧಿಸಿದರೆ ನಾನು ಯಾರ ಬಳಿ ಹೋಗಬೇಕು? ಉತ್ತರದ ಸರಿತಪ್ಪಿನಷ್ಟೇ, ಪ್ರಶ್ನೆ ಕೇಳಿಸಿಕೊಂಡ ರೀತಿಯನ್ನೂ ಗಮನಿಸಿ. ಸಿಟ್ಟಾದರೆ ಕೆಲಸ ಸುಲಭವಾಯಿತು.

ಆಯ್ಕೆ ಮುಗಿದು ಹಳೆಯ ಸಭೆಯನ್ನು ಬಿಡುವುದಾದರೆ ಸದ್ದಿಲ್ಲದೆ ಮಾಯವಾಗಬೇಡಿ. ಅಲ್ಲಿನ ಹಿರಿಯರ ಬಳಿ ಹೋಗಿ, ಯಾವ ವಚನದ ವಿಷಯದಲ್ಲಿ ನಿಮಗೆ ಅಡ್ಡಿಯಾಯಿತು ಎಂದು ಹೇಳಿ, ಅವರ ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಳ್ಳಿ. ಕೆಲವರಿಗೆ ಆ ಮಾತುಕತೆಯ ನಂತರ ಬಿಡುವ ಅಗತ್ಯವೇ ಇಲ್ಲವೆಂದು ಗೊತ್ತಾಗುವುದುಂಟು.